ಡೇರಿಯ ಹೊತ್ತಿನಂತೆ ಶಾಲೆಯ ಹೊತ್ತೂ ತಪ್ಪದಿರಲಿ

ಹಾಲು ಉತ್ಪಾದಕ ಸಹೋದರಿಯರೇ,

ಸಂಘದಲ್ಲಿ ಹಾಲು ತೆಗೆದುಕೊಳ್ಳುವ ಹೊತ್ತು ಮುಗಿದ ಮೇಲೆ ಕ್ಯಾನ್ ಹಿಡಿದು ಹೋದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹಾಲು ಎಷ್ಟೇ ಚೆನ್ನಾಗಿದ್ದರೂ ಮನೆಗೆ ವಾಪಸ್. ಹಾಗಾಗಿ ಮಳೆಯಿರಲಿ, ಚಳಿಯಿರಲಿ, ನೀವು ಹೊತ್ತು ತಪ್ಪಿಸುವುದಿಲ್ಲ. ಮಕ್ಕಳ ಶಾಲೆಗೂ ಇದೇ ಶಿಸ್ತು ಬೇಕು. ಚಿಕಿತ್ಸೆಗೆಂದು ಬೆಳಿಗ್ಗೆ ಹಳ್ಳಿಗಳಿಗೆ ಬಂದಾಗ, ಸಮವಸ್ತ್ರ ಹಾಕಿಕೊಂಡೇ ಹಸುವಿನ ಹಗ್ಗ ಹಿಡಿದು ನಿಂತ ಮಕ್ಕಳನ್ನು ನೋಡುತ್ತಿರುತ್ತೇನೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದ್ದರಿಂದ ಈ ಸಲ ರಾಸುಗಳ ರೋಗದ ಬದಲು ಈ ವಿಷಯ.

ಅರ್ಧ ಗಂಟೆಯ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಉಚಿತ ಮತ್ತು ಕಡ್ಡಾಯ. 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. 7ನೇ ತರಗತಿಯ ಮಗು ದಿನಾ ಅರ್ಧ ಗಂಟೆ ತಡವಾಗಿ ಹೋದರೆ 220 ದಿನಕ್ಕೆ 110 ಗಂಟೆ ಪಾಠ ತಪ್ಪುತ್ತದೆ. ದಿನಕ್ಕೆ 5 ಗಂಟೆ ಪಾಠವೆಂದರೆ, 22 ದಿನ ಶಾಲೆಗೆ ಹೋಗದಂತೆಯೇ. ಹಾಜರಿ ಪುಸ್ತಕದಲ್ಲಿ ಇದು ಕಾಣುವುದಿಲ್ಲ. ಮೊದಲ ಅವಧಿ ಗಣಿತವಾಗಿದ್ದರೆ ವರ್ಷವಿಡೀ ಗಣಿತವೇ ಹಿಂದೆ ಬೀಳುತ್ತದೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಕರು ಹಾಕಿತು, ಜ್ವರ ಬಂತು, ಹಬ್ಬ ಬಂತು ಎಂದು ಬಿಡಿಸಿದ ಒಂದೊಂದು ದಿನವೂ ಆ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಮಾತು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ, ನಿಮ್ಮಂಥವರು ಸಂಘಗಳಿಗೆ ಹಾಕಿದ ಹಾಲೇ ಪುಡಿಯಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆ ಸೇರಿ, ಮಗುವಿಗೆ 150 ಮಿ.ಲೀ. ಹಾಲಾಗಿ ಸಿಗುತ್ತದೆ. ಬೆಳಿಗ್ಗೆಯೇ ಹಾಲು ಕೊಡುವ ಶಾಲೆಯಲ್ಲಿ ತಡವಾಗಿ ಬಂದ ಮಗುವಿಗೆ ಅದೂ ತಪ್ಪೀತು.

ಬೆಳಗಿನ ಕೆಲಸ ಹಗುರವಾಗಲು

• ಮೇವು ಕತ್ತರಿಸುವುದು, ಹಿಂಡಿ ಅಳೆದಿಡುವುದು, ಕ್ಯಾನ್ ತೊಳೆದು ಬೋರಲು ಹಾಕುವುದು ಹಿಂದಿನ ರಾತ್ರಿಯೇ ಮುಗಿಯಲಿ.

• ಬೇಗ ಹಾಲು ಕರೆಯಬೇಕಿದ್ದರೆ ಒಂದೇ ದಿನಕ್ಕೆ ಹೊತ್ತು ಬದಲಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಹತ್ತು ನಿಮಿಷ ಹಿಂದಕ್ಕೆ ತನ್ನಿ. ಸಂಜೆಯದನ್ನೂ ಹಾಗೆಯೇ ಸರಿಸಿದರೆ ಎರಡು ಹೊತ್ತಿನ ನಡುವಿನ ಅಂತರ ಕೆಡುವುದಿಲ್ಲ, ಹಾಲೂ ಇಳಿಮುಖವಾಗುವುದಿಲ್ಲ.

• ಹಸು ಬೆದೆಗೆ ಬಂದಿದೆಯೆಂದು ಮಗುವನ್ನು ಮನೆಯಲ್ಲಿ ಕಾಯಿಸಬೇಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ಸೂಕ್ತ. ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಫೋನ್ ಮಾಡಿ, ಮಗುವನ್ನು ಶಾಲೆಗೆ ಕಳಿಸಿ.

• ಲಸಿಕೆಯ ದಿನ ರಾಸು ಹಿಡಿಯಲು ಮನೆಯ ದೊಡ್ಡವರೇ ಇರಲಿ. ಬೆದರಿದ ಹಸು ಒದ್ದರೆ, ಹಾಯ್ದರೆ ಮಕ್ಕಳ ಕೈಲಿ ತಡೆಯಲಾಗದು.

• ಡೇರಿಗೆ ಹಾಲು ಒಯ್ಯಲು ಅಕ್ಕಪಕ್ಕದ ಎರಡು ಮನೆಯವರು ಸರದಿ ಮಾಡಿಕೊಳ್ಳಬಹುದು. ಕ್ಯಾನ್‌ಗಳು ಮಾತ್ರ ಬೇರೆ ಬೇರೆ ಇರಲಿ, ಹಾಲು ಬೆರೆಸಬೇಡಿ. ಫ್ಯಾಟ್ ಪರೀಕ್ಷೆ ಅವರವರ ಹಾಲಿಗೇ ಆಗಬೇಕು.

• ಸಗಣಿ ಬಾಚಲು, ನೀರು ಕುಡಿಸಲು ಮನೆಯ ಗಂಡಸರೂ ಕೈಹಾಕಲಿ. ಹಾಲಿನ ಬಟವಾಡೆ ಇಡೀ ಮನೆಗೆ ಬರುತ್ತದೆ, ಕೆಲಸವೂ ಎಲ್ಲರಿಗೂ ಸೇರಿದ್ದು.

ಮಕ್ಕಳು ಕೆಲಸ ಕಲಿಯುವುದೇ ಬೇಡವೇ?

ಕಲಿಯಲಿ, ಆದರೆ ಶಾಲೆ ಬಿಟ್ಟ ಮೇಲೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ ಮನೆಯ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸಕ್ಕೆ, ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ ನೆರವಾಗಲು ಬಿಡುತ್ತದೆ. ಸಂಜೆ ಕರುವಿಗೆ ಹುಲ್ಲು ಹಾಕಲಿ, ಪಾಸ್‌ಪುಸ್ತಕದ ಲೀಟರು, ಫ್ಯಾಟು, ದರ ಕೂಡಿಸಿ ನಿಮಗೆ ಓದಿ ಹೇಳಲಿ.

ಮಗುವಿಗೆ ಹುಷಾರಿಲ್ಲದಿದ್ದರೆ ಅಂದೇ ಶಿಕ್ಷಕರಿಗೆ ತಿಳಿಸಿ. ಶಾಲೆಯ ಪೋಷಕರ ಸಭೆಗೆ ಹೋಗಿ, ಮಗು ಎಷ್ಟು ದಿನ ಬಂದಿದೆ, ಎಷ್ಟು ಸಲ ತಡವಾಗಿದೆ ಎಂದು ಕೇಳಿ. ಹಾಲು ತೆಗೆದುಕೊಳ್ಳುವ ಹೊತ್ತು ಪ್ರಾರ್ಥನೆಯ ಹೊತ್ತಿಗೆ ಅಡ್ಡ ಬರುತ್ತಿದ್ದರೆ ಸಂಘದ ಸಭೆಯಲ್ಲಿ ಹೇಳಿ. ಒಬ್ಬರೇ ಹೇಳುವುದಕ್ಕಿಂತ ನಾಲ್ಕು ಜನ ತಾಯಂದಿರು ಒಟ್ಟಾಗಿ ಹೇಳಿದರೆ ಕೆಲಸ ಆಗುತ್ತದೆ.

ಇಂದು ರಾತ್ರಿ ಮಲಗುವ ಮುನ್ನ, ನಾಳೆ ಬೆಳಿಗ್ಗೆ ಯಾವ ಕೆಲಸಕ್ಕೆ ಮಗುವನ್ನು ಕರೆಯುತ್ತೀರಿ ಎಂದು ಒಮ್ಮೆ ಯೋಚಿಸಿ. ಅದರಲ್ಲಿ ಒಂದನ್ನಾದರೂ ಈಗಲೇ ಮುಗಿಸಿಡಿ.

– ಪಶುವೈದ್ಯಾಧಿಕಾರಿ