ಅಡಿನೋಮಯೋಸಿಸ್ ಎಂದರೆ ಕ್ಯಾನ್ಸರಿನ ಮುನ್ನುಡಿಯೇ?



ಕಥೆ-ಕವಿತೆಗಳ ನಡುವೆ ಈ ಸಲ ಗರ್ಭಕೋಶದ ಮಾತೇ ಎಂದು ಹುಬ್ಬೇರಿಸಬೇಡಿ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಬರೆದು, ಇಂಥ ವಿಷಯಗಳನ್ನು ಕನ್ನಡದಲ್ಲೇ ಸಂಕೋಚವಿಲ್ಲದೆ ಹೇಳಬಹುದೆಂದು ಎಂದೋ ತೋರಿಸಿಕೊಟ್ಟಿದ್ದಾರೆ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೂ ಬರೆಯಲು ಕಾರಣವಿದೆ.

ಕಳೆದ ಬೇಸಿಗೆಗೆ ಮುಂಚೆ ನನ್ನ ಹೆಂಡತಿಗೆ ಇಲ್ಲಿ ಕುವೈತಿನಲ್ಲಿ ಸ್ಕ್ಯಾನ್ ಆಯಿತು. ವರದಿಯಲ್ಲಿ ‘ಬಲ್ಕಿ ಯೂಟರಸ್, ಅಡಿನೋಮಯೋಸಿಸ್’ ಎಂದಿತ್ತು. ಊರಿಗೆ ಫೋನು ಮಾಡಿದ್ದೇ ತಡ, ಅತ್ತಿಗೆಯ ತೀರ್ಪು ಬಂತು: “ಮಕ್ಕಳಾದವಲ್ಲ ಕಣೆ, ಇನ್ಯಾಕೆ ಇಟ್ಕೊಂಡಿದೀಯ? ಆಮೇಲೆ ಕ್ಯಾನ್ಸರ್ ಆಗುತ್ತೆ. ಜುಲೈ ರಜೆಗೆ ಬಂದಾಗ ತೆಗೆಸಿಬಿಡು.” ನಮ್ಮ ಗಲ್ಫ್ ಮಂದಿಯ ರಜೆ ಗೊತ್ತಲ್ಲ? ಮದುವೆ, ಸೈಟಿನ ಖಾತೆ, ಹಲ್ಲಿನ ಡಾಕ್ಟರು, ಎಲ್ಲವೂ ಅದೇ ಮೂವತ್ತು ದಿನಗಳಲ್ಲಿ. ಆ ಪಟ್ಟಿಗೆ ಒಂದು ಆಪರೇಷನ್ನೂ ಸೇರಿತು. ಅವಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ನಾನು ಓದಲು ಕೂತೆ. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ!)

ಏನಿದು ಅಡಿನೋಮಯೋಸಿಸ್?

ಗರ್ಭಕೋಶವನ್ನು ದಪ್ಪ ಗೋಡೆಯ ಒಂದು ಕೋಣೆ ಎಂದುಕೊಳ್ಳಿ. ಗೋಡೆ ಸ್ನಾಯುವಿನದು. ಒಳಗಿನ ತೆಳು ಪೊರೆಯ ಹೆಸರು ಎಂಡೋಮೆಟ್ರಿಯಂ. ತಿಂಗಳು ತಿಂಗಳು ಬೆಳೆದು, ಮುಟ್ಟಿನಲ್ಲಿ ಕಳಚಿಹೋಗುವುದು ಈ ಒಳಪೊರೆಯೇ. ಇದರ ಅಂಗಾಂಶ ಸ್ನಾಯುವಿನ ಗೋಡೆಯೊಳಗೂ ಸೇರಿಕೊಂಡು ಬೆಳೆದರೆ ಅದೇ ಅಡಿನೋಮಯೋಸಿಸ್. ಗೋಡೆ ದಪ್ಪಗಾಗುತ್ತದೆ, ಮುಟ್ಟಿನ ಸ್ರಾವ ಹೆಚ್ಚುತ್ತದೆ, ನೋವು ಹಿಂಡುತ್ತದೆ. ಕೆಲವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಇದನ್ನು ಮೊದಲು ವರ್ಣಿಸಿದ ಕೀರ್ತಿಯನ್ನು ಸಾಮಾನ್ಯವಾಗಿ 1860ರಲ್ಲಿ ವಿಯೆನ್ನಾದ ರೋಕಿಟಾನ್ಸ್ಕಿಗೆ ಕೊಡುತ್ತಾರೆ. 1908ರಲ್ಲಿ ಅಮೆರಿಕದ ಥಾಮಸ್ ಕಲೆನ್ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು.

ಎಂಡೋಮೆಟ್ರಿಯಲ್ ಕ್ಯಾನ್ಸರ್ ಹುಟ್ಟುವುದೂ ಅದೇ ಒಳಪೊರೆಯ ಜೀವಕೋಶಗಳಲ್ಲಿ. ಆದರೆ ಅಡಿನೋಮಯೋಸಿಸ್‌ನಲ್ಲಿ ಜೀವಕೋಶಗಳು ಸಾಮಾನ್ಯವಾದವೇ, ಇರುವ ಜಾಗ ಮಾತ್ರ ತಪ್ಪು. ಕ್ಯಾನ್ಸರಿನಲ್ಲಿ ಜೀವಕೋಶದ ಗುಣವೇ ಕೆಟ್ಟಿರುತ್ತದೆ. ಎರಡಕ್ಕೂ ಈಸ್ಟ್ರೋಜನ್ ಹಾರ್ಮೋನಿನ ನಂಟು ಇರುವುದರಿಂದ ಒಂದೇ ಮನೆಯಲ್ಲಿ ಎರಡೂ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಹಾಗಾದರೆ ಸಂಬಂಧ ಎಷ್ಟು?

ಎಂಡೋಮೆಟ್ರಿಯಲ್ ಕ್ಯಾನ್ಸರಿಗಾಗಿ ತೆಗೆದ ಗರ್ಭಕೋಶಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಅಡಿನೋಮಯೋಸಿಸ್ ಕಾಣುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅಲ್ಲವೆ? ಆದರೆ ಕ್ಯಾನ್ಸರಲ್ಲದ ಬೇರೆ ಕಾರಣಗಳಿಗೆ ತೆಗೆದ ಗರ್ಭಕೋಶಗಳಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ, ಕೆಲವೊಮ್ಮೆ ಇನ್ನೂ ಹೆಚ್ಚಾಗಿ ಸಿಗುತ್ತದೆ.

ನಮ್ಮ ಕಸುಬಿನಲ್ಲೂ ಈ ತಪ್ಪು ನಡೆಯುತ್ತದೆ. ಕೆಟ್ಟು ನಿಂತ ಸರ್ವರುಗಳ ಲಾಗ್ ಮಾತ್ರ ನೋಡಿ, ಅಲ್ಲೆಲ್ಲ ಕಂಡ ಒಂದು ಸಂದೇಶವನ್ನೇ ಕಾರಣ ಎಂದು ಹಿಡಿಯುತ್ತೇವೆ. ಚೆನ್ನಾಗಿ ಓಡುತ್ತಿರುವ ಸರ್ವರಿನಲ್ಲೂ ಅದೇ ಸಂದೇಶ ಇರುವುದನ್ನು ಯಾರೂ ನೋಡಿರುವುದಿಲ್ಲ.

ತೈವಾನಿನ ಆರೋಗ್ಯ ವಿಮೆ ದಾಖಲೆಗಳನ್ನು ಬಳಸಿದ ಅಧ್ಯಯನದಲ್ಲಿ ಅಡಿನೋಮಯೋಸಿಸ್ ಇದ್ದವರಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಕಂಡದ್ದುಂಟು. ಆದರೆ ಸ್ರಾವದ ತೊಂದರೆ ಇರುವವರು ಹೆಚ್ಚು ಪರೀಕ್ಷೆಗೆ ಒಳಗಾಗುತ್ತಾರೆ, ಹಾಗಾಗಿ ಎರಡೂ ರೋಗ ಹೆಚ್ಚಾಗಿ ಪತ್ತೆಯಾಗುತ್ತವೆ. ಒಂದು ಇನ್ನೊಂದಕ್ಕೆ ಕಾರಣ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಗೋಡೆಯೊಳಗಿನ ಅಡಿನೋಮಯೋಸಿಸ್ಸೇ ಕ್ಯಾನ್ಸರಾಗಿ ತಿರುಗುವುದು ಉಂಟು, ಆದರೆ ಬಹಳ ಅಪರೂಪ. ಇನ್ನೊಂದು ವಿಚಿತ್ರ: ಎರಡೂ ಒಟ್ಟಿಗಿರುವ ರೋಗಿಗಳಲ್ಲಿ ಕ್ಯಾನ್ಸರ್ ಕಡಿಮೆ ಉಗ್ರವಾಗಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ.

ನಿಜವಾಗಿ ಗಮನಿಸಬೇಕಾದದ್ದು

ಈ ಕ್ಯಾನ್ಸರಿನ ದೊಡ್ಡ ಅಪಾಯಕಾರಿ ಅಂಶ ಬೊಜ್ಜು. ಮುಟ್ಟು ನಿಂತ ಮೇಲೆ ಕೊಬ್ಬಿನ ಅಂಗಾಂಶವೇ ಈಸ್ಟ್ರೋಜನ್ ತಯಾರಿಸುತ್ತದೆ. ಸಕ್ಕರೆ ಕಾಯಿಲೆ, ಪಿಸಿಓಎಸ್, ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಕೂಡ ಪಟ್ಟಿಯಲ್ಲಿವೆ. ಕುವೈತಿನ ವಯಸ್ಕ ಮಹಿಳೆಯರಲ್ಲಿ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಬೊಜ್ಜಿದೆ. ಏಸಿ ಕೋಣೆಯಿಂದ ಏಸಿ ಕಾರಿಗೆ ಹೋಗುವ ನಾವೂ ಆ ದಾರಿಯಲ್ಲೇ ಇದ್ದೇವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ಇಳಿಯುತ್ತ ಬಂದಿದೆ, ಗರ್ಭಕೋಶದ ಕ್ಯಾನ್ಸರ್ ಏರುತ್ತ ಬಂದಿದೆ. ಪ್ಯಾಪ್ ಪರೀಕ್ಷೆ ಇರುವುದು ಗರ್ಭಕೊರಳಿಗೆ. ಅದು ಸರಿಯಿದೆ ಎಂದಮಾತ್ರಕ್ಕೆ ಒಳಪೊರೆಯೂ ಸರಿಯಿದೆ ಎಂದಲ್ಲ.

ಮುಖ್ಯ ಸೂಚನೆ ಒಂದೇ: ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಬಳಿ ಹೋಗಬೇಕು. ಆ ವಯಸ್ಸಿನಲ್ಲಿ ಈ ಕ್ಯಾನ್ಸರ್ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಮೊದಲು ರಕ್ತಸ್ರಾವವೇ ಕಂಡಿರುತ್ತದೆ. ಹಾಗೆ ರಕ್ತ ಕಂಡವರಲ್ಲಿ ಕ್ಯಾನ್ಸರ್ ಇರುವುದು ಹತ್ತರಲ್ಲಿ ಸುಮಾರು ಒಬ್ಬರಿಗೆ. ಅಂದರೆ ಹೆದರಬೇಕಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಮುಟ್ಟು ನಿಲ್ಲದವರಲ್ಲೂ, ವಿಶೇಷವಾಗಿ ನಲವತ್ತೈದು ದಾಟಿದ ಮೇಲೆ ಸ್ರಾವದ ರೀತಿ ಬದಲಾದರೆ, ಒಳಪೊರೆಯ ಬಯಾಪ್ಸಿ ಬೇಕೇ ಎಂದು ಕೇಳಬೇಕು.

ಭಯದ ಬೆಲೆ

‘ತೆಗೆಸಿಬಿಡು’ ಎನ್ನುವುದು ಸಣ್ಣ ಮಾತಲ್ಲ. ನಮ್ಮದೇ ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಬರುತ್ತದೆಂದು ಹೆದರಿಸಿ ಗರ್ಭಕೋಶ ತೆಗೆದ ದೂರುಗಳು ಎದ್ದವು. 2015ರಲ್ಲಿ ಸರಕಾರದ ಸಮಿತಿ ತನಿಖೆ ಮಾಡಿತು. 2017ರ ಫೆಬ್ರವರಿಯಲ್ಲಿ ಆ ಮಹಿಳೆಯರೇ ಕಲಬುರಗಿಯಲ್ಲಿ ಬೀದಿಗಿಳಿದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಜೊತೆಗೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆದರೆ ಮೂಳೆ ಸವೆತ, ಹೃದ್ರೋಗದ ಅಪಾಯ ಹೆಚ್ಚುತ್ತದೆ.

ಶಸ್ತ್ರಚಿಕಿತ್ಸೆಯೇ ಬೇಡ ಎನ್ನುತ್ತಿಲ್ಲ. ಔಷಧಕ್ಕೆ ಬಗ್ಗದ ನೋವು, ನಿಲ್ಲದ ಸ್ರಾವ ಇದ್ದರೆ ಅದು ವರದಾನವೇ. ಆದರೆ ಕಾರಣ ನೋವು ಆಗಿರಲಿ, ಸುಳ್ಳು ಭಯ ಆಗದಿರಲಿ.

ನನ್ನವಳಿಗೆ ಡಾಕ್ಟರು ಬಯಾಪ್ಸಿ ಮಾಡಿಸಿದರು. ಏನೂ ಇರಲಿಲ್ಲ. ಹಾರ್ಮೋನು ಸೂಸುವ ಪುಟ್ಟ ಸಾಧನವನ್ನು ಗರ್ಭಕೋಶದೊಳಗೆ ಇಟ್ಟು, ಕಬ್ಬಿಣದ ಮಾತ್ರೆ ಕೊಟ್ಟರು. ಸ್ರಾವ ಇಳಿದಿದೆ. ಜುಲೈನಲ್ಲಿ ಮದುವೆ ಊಟ ಮುಗಿಸಿ ಬಂದೆವು.

ಇದನ್ನೆಲ್ಲ ಅತ್ತಿಗೆಗೆ ವಿವರಿಸುತ್ತಿದ್ದಾಗ ಅವರು ಸುಮ್ಮನಾದರು. ಆಮೇಲೆ ಮೆಲ್ಲಗೆ, “ನಂಗೆ ನಿಂತು ಮೂರು ವರ್ಷ ಆಯ್ತು. ಮೊನ್ನೆ ಎರಡು ಸಲ ಸ್ವಲ್ಪ ಕಾಣಿಸ್ಕೊಂಡಿತ್ತು. ಉಷ್ಣ ಇರ್ಬೇಕು ಅಂದ್ಕೊಂಡೆ” ಎಂದರು. ಮಾರನೆಯ ದಿನವೇ ಕರೆದೊಯ್ದೆವು. ಸಣ್ಣ ಪಾಲಿಪ್, ಕ್ಯಾನ್ಸರ್ ಅಲ್ಲ.

ನಿಮ್ಮ ಅಮ್ಮನಿಗೆ, ಅಕ್ಕನಿಗೆ ಈ ವಾರ ಫೋನು ಮಾಡಿದಾಗ ಇದನ್ನೊಂದು ಮಾತು ಕೇಳಿ ನೋಡಿ. ಏನಂತೀರಿ?