ಖರೀದಿಯ ನಂತರ ಬೆಲೆ ಇಳಿದಲ್ಲಿ ವ್ಯತ್ಯಾಸದ ಹಣವನ್ನು ಮರಳಿ ಪಡೆಯುವ ಕುರಿತು

ಮೊಬೈಲ್ ಫೋನು, ಟಿ.ವಿ., ಲ್ಯಾಪ್‌ಟಾಪ್ ಮುಂತಾದ ಸಾಧನಗಳನ್ನು ಖರೀದಿಸಿದ ಕೆಲವೇ ದಿನಗಳಲ್ಲಿ ಅವುಗಳ ಬೆಲೆ ಇಳಿದಾಗ, ಹೆಚ್ಚುವರಿಯಾಗಿ ಪಾವತಿಸಿದ ಮೊತ್ತವನ್ನು ಮರಳಿ ಕೊಡಿಸುವಂತೆ ಕೋರಿ ಗ್ರಾಹಕರು ಅರ್ಜಿ ಸಲ್ಲಿಸುವುದುಂಟು. ಇವುಗಳಲ್ಲಿ ಕೆಲವು ಊರ್ಜಿತವಾಗುತ್ತವೆ, ಕೆಲವು ಆಗುವುದಿಲ್ಲ. ಕಾರಣವನ್ನು ಮೊದಲೇ ತಿಳಿದಿದ್ದಲ್ಲಿ ಅರ್ಜಿದಾರರ ಓಡಾಟವೂ ವೆಚ್ಚವೂ ಉಳಿಯುವುದರಿಂದ ಈ ವಿವರಣೆಯನ್ನು ಪ್ರಕಟಿಸಲಾಗಿದೆ.

ಬೆಲೆ ಇಳಿಯಿತು ಎಂಬ ಒಂದೇ ಕಾರಣಕ್ಕೆ ವ್ಯತ್ಯಾಸದ ಹಣವನ್ನು ಕೇಳುವ ಹಕ್ಕನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ನೀಡಿರುವುದಿಲ್ಲ. ಸೋಮವಾರ 50,000 ರೂ.ಗಳಿಗೆ ಮಾರಿದ ಫೋನನ್ನು ಅಂಗಡಿಯವರು ಶುಕ್ರವಾರ 44,000 ರೂ.ಗಳಿಗೆ ಮಾರಿದರೆ ಅದು ತಾನಾಗಿಯೇ ಅನುಚಿತ ವ್ಯಾಪಾರ ಪದ್ಧತಿ ಎನಿಸುವುದಿಲ್ಲ. ಹಕ್ಕು ಹುಟ್ಟುವುದು ಬೇರೆ ಎರಡು ಕಾರಣಗಳಿಂದ. ಬೆಲೆ ಇಳಿದರೆ ವ್ಯತ್ಯಾಸ ಕೊಡುವುದಾಗಿ ಅಂಗಡಿ, ಕಂಪನಿ ಅಥವಾ ಕಾರ್ಡ್ ವಿತರಿಸಿದ ಬ್ಯಾಂಕು ಲಿಖಿತವಾಗಿ ಒಪ್ಪಿರಬೇಕು. ಇಲ್ಲವೇ ಖರೀದಿಯ ದಿನವೇ ಪಡೆಯಬಾರದಿದ್ದ ಮೊತ್ತವನ್ನು ಪಡೆದಿರಬೇಕು.

ಕ್ರೆಡಿಟ್ ಕಾರ್ಡಿನ ಬೆಲೆ ರಕ್ಷಣೆ ಸೌಲಭ್ಯ

ಈ ಸೌಲಭ್ಯವು ಹೆಚ್ಚಾಗಿ ಬಳಕೆಯಲ್ಲಿದ್ದುದು ಅಮೆರಿಕದಲ್ಲಿ. ಕಾರ್ಡಿನ ಮೂಲಕ ಖರೀದಿಸಿದ ವಸ್ತುವಿನ ಬೆಲೆ ನಿಗದಿತ ದಿನಗಳೊಳಗೆ, ಬಹಳಷ್ಟು ಕಾರ್ಡುಗಳಲ್ಲಿ 60 ದಿನಗಳೊಳಗೆ, ಇಳಿದಲ್ಲಿ ವ್ಯತ್ಯಾಸದ ಮೊತ್ತವನ್ನು ಕಾರ್ಡಿನ ಕಡೆಯಿಂದ ನೀಡಲಾಗುತ್ತಿತ್ತು. ಅಂಗಡಿಯವರ ಮೇಲೆ ಇದರ ಹೊರೆ ಬೀಳುತ್ತಿರಲಿಲ್ಲ. ಸಾಮಾನ್ಯವಾಗಿ ವಿಮೆಯ ರೂಪದಲ್ಲಿ ಇದನ್ನು ಏರ್ಪಡಿಸಲಾಗುತ್ತಿತ್ತು. ಆದ್ದರಿಂದಲೇ ವಿಮಾ ಕ್ಲೇಮಿಗೆ ಬೇಕಾಗುವಂತಹ ದಾಖಲೆಗಳನ್ನು ಇದಕ್ಕೂ ಕೇಳಲಾಗುತ್ತಿತ್ತು: ಮೂಲ ರಸೀದಿ, ಕಾರ್ಡಿನ ಸ್ಟೇಟ್‌ಮೆಂಟು, ಅದೇ ತಯಾರಕರ ಅದೇ ಮಾದರಿಯ ವಸ್ತುವಿನ ಇಳಿದ ಬೆಲೆಯನ್ನು ದಿನಾಂಕಸಹಿತ ತೋರಿಸುವ ಜಾಹೀರಾತು. ಹರಾಜಿನ ಬೆಲೆ, ಬಳಸಿದ ವಸ್ತುವಿನ ಬೆಲೆ ಮುಂತಾದವನ್ನು ಪರಿಗಣಿಸುತ್ತಿರಲಿಲ್ಲ. ಒಂದು ವಸ್ತುವಿಗೆ ಮತ್ತು ಒಂದು ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇರುತ್ತಿತ್ತು.

ದಿನಗಳ ಲೆಕ್ಕ ಎಷ್ಟು ನಿರ್ಣಾಯಕ ಎಂಬುದಕ್ಕೆ 2007ರ ಒಂದು ಪ್ರಕರಣ ನಿದರ್ಶನವಾಗಿದೆ. ಆ್ಯಪಲ್ ಕಂಪನಿಯ ಮೊದಲ ಐಫೋನ್ 2007ರ ಜೂನ್ 29ರಂದು ಮಾರುಕಟ್ಟೆಗೆ ಬಂದಾಗ 8 ಜಿ.ಬಿ. ಮಾದರಿಯ ಬೆಲೆ 599 ಡಾಲರ್ ಇತ್ತು. ಸೆಪ್ಟೆಂಬರ್ 5ರಂದು, ಅಂದರೆ 68ನೇ ದಿನ, ಅದನ್ನು 399 ಡಾಲರ್‌ಗೆ ಇಳಿಸಲಾಯಿತು. ಖರೀದಿಸಿ 14 ದಿನಗಳಾಗದಿದ್ದವರಿಗೆ ಕಂಪನಿಯ ಆಗಿನ ನಿಯಮದಂತೆ ಪೂರ್ಣ 200 ಡಾಲರ್ ವಾಪಸು ದೊರೆಯುವಂತಿತ್ತು. ಉಳಿದವರ ಅಸಮಾಧಾನ ತೀವ್ರವಾದಾಗ, ಮರುದಿನವೇ ಸ್ಟೀವ್ ಜಾಬ್ಸ್ ಅವರು ಬಹಿರಂಗ ಪತ್ರದ ಮೂಲಕ 100 ಡಾಲರ್ ಜಮೆಯನ್ನು ಘೋಷಿಸಿದರು. ಅದು ನಗದಲ್ಲ, ಆ್ಯಪಲ್ ಮಳಿಗೆಗಳಲ್ಲಿ ಮಾತ್ರ ಬಳಸಬಹುದಾದ ಮೊತ್ತ. 60 ದಿನಗಳ ರಕ್ಷಣೆಯಿರುವ ಕಾರ್ಡಿನಿಂದ ಜುಲೈ 10ರಂದು ಖರೀದಿಸಿದವರು 57ನೇ ದಿನದಲ್ಲಿದ್ದರು, ಕಾರ್ಡಿನ ಬಾಗಿಲು ಅವರಿಗೆ ತೆರೆದಿತ್ತು. ಮೊದಲ ದಿನವೇ ಸಾಲಿನಲ್ಲಿ ನಿಂತು ಕೊಂಡವರಿಗೆ ಅದೇ ಕಾರ್ಡು ಇದ್ದರೂ ಅವಧಿ ಮೀರಿತ್ತು. ಇಡೀ ಪ್ರಕರಣದಲ್ಲಿ ಕಾನೂನಿನ ಒತ್ತಾಯದಿಂದ ಬಂದ ಹಣ ಯಾವುದೂ ಇರಲಿಲ್ಲವೆಂಬುದನ್ನೂ ಗಮನಿಸಬಹುದು.

ಆ ಸೌಲಭ್ಯವೂ ಈಗ ಬಹುಮಟ್ಟಿಗೆ ಇಲ್ಲವಾಗಿದೆ. ಡಿಸ್ಕವರ್ ಸಂಸ್ಥೆಯು 2018ರಲ್ಲಿ ಇದನ್ನು ಹಿಂಪಡೆಯಿತು. ಬೆಲೆ ಇಳಿಕೆಯನ್ನು ತಾನೇ ಹುಡುಕಿ ತಿಳಿಸುತ್ತಿದ್ದ ಸಿಟಿ ಬ್ಯಾಂಕಿನ 'ಪ್ರೈಸ್ ರಿವೈಂಡ್' 2019ರ ಸೆಪ್ಟೆಂಬರ್ 22ಕ್ಕೆ ನಿಂತಿತು. ಅಂತರಜಾಲದಲ್ಲಿ ಹಳೆಯ ಲೇಖನಗಳು ಹಾಗೆಯೇ ಉಳಿದಿರುವುದರಿಂದ, ಅಮೆರಿಕದಲ್ಲಿರುವ ಬಂಧುಗಳ ಕಾರ್ಡಿನ ಮೂಲಕ ಸಾಧನ ತರಿಸಿಕೊಳ್ಳುವವರು ಆ ಕಾರ್ಡಿನ ಪ್ರಸ್ತುತ ಷರತ್ತುಗಳನ್ನೇ ಓದತಕ್ಕದ್ದು.

ಭಾರತದ ಕಾರ್ಡುದಾರರು ಸಾಮಾನ್ಯವಾಗಿ ಗೊಂದಲಕ್ಕೊಳಗಾಗುವುದು 'ಖರೀದಿ ರಕ್ಷಣೆ' ಎಂಬ ಪದದಿಂದ. ಖರೀದಿಸಿದ ವಸ್ತು ಕಳುವಾದರೆ ಅಥವಾ ಬೆಂಕಿಗೆ ತುತ್ತಾದರೆ ದೊರೆಯುವ ವಿಮೆ ಅದು. ಬೆಲೆ ಇಳಿಕೆಗೂ ಅದಕ್ಕೂ ಸಂಬಂಧವಿಲ್ಲ. ತಮ್ಮ ಕಾರ್ಡಿನ ಷರತ್ತುಗಳಲ್ಲಿ ಬೆಲೆ ವ್ಯತ್ಯಾಸದ ಬಗ್ಗೆ ಸ್ಪಷ್ಟ ಉಲ್ಲೇಖವಿದ್ದಲ್ಲಿ ಅವಧಿ ಮುಗಿಯುವ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ಅರ್ಜಿ ಸಲ್ಲಿಸಬೇಕು. ಇಳಿದ ಬೆಲೆಯ ಪುಟದ ಪ್ರತಿಯನ್ನು ಕಂಡ ದಿನವೇ ತೆಗೆದಿಟ್ಟುಕೊಳ್ಳುವುದು ಒಳಿತು, ಏಕೆಂದರೆ ಹಬ್ಬದ ಮಾರಾಟದ ಬೆಲೆ ಮರುದಿನ ಇರುವುದೆಂಬ ಖಾತರಿಯಿಲ್ಲ. ಒಪ್ಪಿದ ಸೌಲಭ್ಯವನ್ನು ಬ್ಯಾಂಕು ನಿರಾಕರಿಸಿದಲ್ಲಿ ಅದನ್ನು ಸೇವಾ ನ್ಯೂನತೆಯೆಂದು ಪ್ರಶ್ನಿಸಬಹುದು.

ಬಿಲ್ಲಿನ ದಿನವೇ ಹೆಚ್ಚು ಪಡೆದಿದ್ದಲ್ಲಿ

ಇಲ್ಲಿ ಗ್ರಾಹಕರ ಸ್ಥಾನ ಭದ್ರವಾಗಿದೆ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆ, ಅಂಗಡಿಯ ದರಪಟ್ಟಿಯ ಬೆಲೆ, ಅಥವಾ ಉಭಯತ್ರರು ಒಪ್ಪಿದ ಬೆಲೆ, ಇವುಗಳನ್ನು ಮೀರಿ ಹಣ ಪಡೆಯುವುದು ದೂರಿಗೆ ಅರ್ಹ ಕಾರಣವೆಂದು 2019ರ ಅಧಿನಿಯಮವೇ ಹೇಳುತ್ತದೆ.

ತೆರಿಗೆ ಇಳಿಕೆಯ ಸಂದರ್ಭವನ್ನು ಪ್ರತ್ಯೇಕವಾಗಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಹವಾನಿಯಂತ್ರಕ, ಪಾತ್ರೆ ತೊಳೆಯುವ ಯಂತ್ರ ಹಾಗೂ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಮೊಬೈಲ್ ಫೋನುಗಳ ದರ ಶೇ. 18ರಲ್ಲಿಯೇ ಉಳಿಯಿತು. ತೆರಿಗೆಗೆ ಮುಂಚಿನ ಬೆಲೆ 40,000 ರೂ. ಇರುವ ಟಿ.ವಿ.ಗೆ ಹಳೆಯ ದರದಲ್ಲಿ 51,200 ರೂ., ಹೊಸ ದರದಲ್ಲಿ 47,200 ರೂ. ಆಗುತ್ತದೆ. ಸೆಪ್ಟೆಂಬರ್ 20ರಂದು ಖರೀದಿಸಿ ಮನೆಗೆ ಒಯ್ದವರು 4,000 ರೂ.ಗಳ ವ್ಯತ್ಯಾಸವನ್ನು ಕೇಳಲು ಬರುವುದಿಲ್ಲ, ಏಕೆಂದರೆ ಆ ದಿನದ ತೆರಿಗೆ ಅದೇ ಆಗಿತ್ತು. ಸೆಪ್ಟೆಂಬರ್ 24ರಂದು ಖರೀದಿಸಿಯೂ ಬಿಲ್ಲಿನಲ್ಲಿ ಶೇ. 28 ಎಂದಿದ್ದರೆ ಖಂಡಿತವಾಗಿ ಕೇಳಬಹುದು. ನಾಲ್ಕೇ ದಿನಗಳ ಈ ಅಂತರ ನ್ಯಾಯವೆನಿಸದಿರಬಹುದು, ಆದರೆ ತೆರಿಗೆಯ ಬದಲಾವಣೆಗೆ ಯಾವುದಾದರೊಂದು ದಿನ ಇರಲೇಬೇಕಾಗುತ್ತದೆ. ಪೊಟ್ಟಣದ ಮೇಲಿನ ಹಳೆಯ ಬೆಲೆಗಿಂತ ಬಿಲ್ಲಿನಲ್ಲಿರುವ ತೆರಿಗೆ ದರವನ್ನು ಓದುವುದು ಹೆಚ್ಚು ಉಪಯುಕ್ತ. ಬಿಲ್ಲನ್ನು ಕೇಳಿ ಪಡೆಯದವರಿಗೆ ಈ ಪರಿಶೀಲನೆ ಸಾಧ್ಯವೇ ಇಲ್ಲ.

ವಾಪಸು ಮಾಡಿ ಮತ್ತೆ ಕೊಳ್ಳುವುದು

ಅಂಗಡಿ ಅಥವಾ ಜಾಲತಾಣ ವಾಪಸಾತಿಗೆ ಅವಕಾಶ ನೀಡಿದ್ದಲ್ಲಿ, ಆ ಅವಧಿಯೊಳಗೆ ವಸ್ತುವನ್ನು ಹಿಂದಿರುಗಿಸಿ ಇಳಿದ ಬೆಲೆಗೆ ಮತ್ತೆ ಕೊಳ್ಳಬಹುದು. ಆದರೆ ಹಲವು ಜಾಲತಾಣಗಳಲ್ಲಿ ಫೋನುಗಳಿಗೆ 'ಬದಲಿ ಮಾತ್ರ' ಎಂಬ ಷರತ್ತು ಇರುತ್ತದೆ. ಕಾನೂನಿನಲ್ಲಿ 30 ದಿನಗಳ ಅವಕಾಶವಿದೆಯಲ್ಲ ಎಂದು ವಾದಿಸುವವರಿದ್ದಾರೆ. ಬಿಲ್ಲಿನಲ್ಲಿ ಅವಧಿ ನಮೂದಾಗಿರದಿದ್ದಲ್ಲಿ ಅನ್ವಯಿಸುವ ಆ 30 ದಿನಗಳು ದೋಷಯುಕ್ತ ವಸ್ತುವಿಗೆ ಸಂಬಂಧಿಸಿದವು. ಸುಸ್ಥಿತಿಯಲ್ಲಿರುವ ವಸ್ತುವಿಗೆ ಅನ್ವಯವಾಗುವುದಿಲ್ಲ. ವಸ್ತು ಇನ್ನೂ ರವಾನೆಯಾಗಿಲ್ಲದಿದ್ದರೆ ಆದೇಶವನ್ನು ರದ್ದುಪಡಿಸುವುದು ಸುಲಭದ ದಾರಿ.

ಕಾರ್ಡಿಗೆ ಹಣ ಮರಳುವ ವಿಧಾನ

ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ಕಾರ್ಡಿನ ಬಿಲ್ಲನ್ನು ಇನ್ನೂ ಪಾವತಿಸದೆ ಗಡುವಿನ ಮೊದಲೇ ವಾಪಸಾತಿ ಬಂದರೆ ಅದನ್ನು ಬಾಕಿಗೆ ಕೂಡಲೇ ಹೊಂದಿಸಿ ಕಾರ್ಡುದಾರರಿಗೆ ತಿಳಿಸಬೇಕು. ಬಿಲ್ಲು ಪಾವತಿಯಾದ ನಂತರ ಬಂದ ಮೊತ್ತವು ಸಾಲಮಿತಿಯ ಶೇ. 1 ಅಥವಾ 5,000 ರೂ., ಇವೆರಡರಲ್ಲಿ ಕಡಿಮೆಯಾದುದನ್ನು ಮೀರಿದಲ್ಲಿ, ಅದನ್ನು ಕಾರ್ಡಿನಲ್ಲಿಯೇ ಇಟ್ಟುಕೊಳ್ಳಲು ಬ್ಯಾಂಕು ಏಳು ದಿನಗಳೊಳಗೆ ಇ-ಮೇಲ್ ಅಥವಾ ಎಸ್.ಎಂ.ಎಸ್. ಮೂಲಕ ಒಪ್ಪಿಗೆ ಕೇಳಬೇಕು. ಉತ್ತರ ಬಾರದಿದ್ದರೆ ಹಣವನ್ನು ಬ್ಯಾಂಕ್ ಖಾತೆಗೆ ಹಾಕಬೇಕು. ಸಾಲಮಿತಿ 2 ಲಕ್ಷ ರೂ. ಇರುವವರಿಗೆ ಈ ಗಡಿ 2,000 ರೂ.; ಮೇಲೆ ಹೇಳಿದ 4,000 ರೂ.ಗಳಿಗೆ ಒಪ್ಪಿಗೆ ಬೇಕಾಗುತ್ತದೆ. ವಾಪಸಾತಿ ಬರಬಹುದೆಂದು ಕಾರ್ಡಿನ ಬಿಲ್ಲನ್ನು ಕಟ್ಟದೆ ಇರುವುದು ಸರಿಯಲ್ಲ, ಬಡ್ಡಿ ಮತ್ತು ದಂಡ ವ್ಯತ್ಯಾಸದ ಹಣವನ್ನೇ ಮೀರಬಹುದು. ಕಂತಿನ ಮೇಲೆ ಖರೀದಿಸಿ ವಸ್ತುವನ್ನು ಹಿಂದಿರುಗಿಸಿದವರು ಕಂತು ರದ್ದಾಗಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ವ್ಯತ್ಯಾಸದ ಹಣ ಬಂದಿದೆ, ಪಡೆಯಲು ಓ.ಟಿ.ಪಿ. ಹೇಳಿ ಅಥವಾ ಯು.ಪಿ.ಐ. ಪಿನ್ ಒತ್ತಿ ಎಂದು ಬರುವ ಕರೆಗಳು ವಂಚನೆಯವು. ಹಣ ಸ್ವೀಕರಿಸಲು ಪಿನ್ ಬೇಕಾಗುವುದಿಲ್ಲ. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ದೂರು ಸಲ್ಲಿಸುವುದು

ಮೊದಲು ಅಂಗಡಿಗೆ ಅಥವಾ ಬ್ಯಾಂಕಿಗೆ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಬಿಲ್ಲಿನ ಪ್ರತಿ, ಭರವಸೆಯ ಷರತ್ತಿನ ಪ್ರತಿ ಮತ್ತು ಬೆಲೆಯ ಪುರಾವೆಯನ್ನು ಲಗತ್ತಿಸಬೇಕು. ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಬರೆದರೆ ಸಾಕು. ಅಂಗಡಿ ಅಥವಾ ಜಾಲತಾಣ ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬ್ಯಾಂಕಿನಿಂದ 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಅದೇ ವಿಷಯ ಗ್ರಾಹಕ ಆಯೋಗದಲ್ಲಿ ವಿಚಾರಣೆಯಲ್ಲಿದ್ದರೆ ಅವರು ಅದನ್ನು ಪರಿಗಣಿಸುವುದಿಲ್ಲ.

ಇವುಗಳಿಂದ ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ನೇರವಾಗಿ ಅಥವಾ ಇ-ಜಾಗೃತಿ ಜಾಲತಾಣದ ಮೂಲಕ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ.