ಲೇಸರ್ ಕಟಿಂಗ್‌ಗೆ ಕೊಡುವ ಫೈಲ್: ನಾವೇ ತಯಾರಿಸೋಣ



2023ರ ರಾಜ್ಯೋತ್ಸವದ ಸಮಯದಲ್ಲಿ ನಮ್ಮ ಸಂಘವೊಂದಕ್ಕೆ ಹತ್ತಿರದ ಶಾಲೆಯಿಂದ 50 ಮರದ ಕೀಚೈನ್‌ಗಳ ಆರ್ಡರ್ ಬಂತು. ಸದಸ್ಯೆಯೊಬ್ಬರ ಮಗಳು ಕಂಪ್ಯೂಟರಿನಲ್ಲಿ ಹೂವಿನ ಅಂಚು ಬರೆದು, ನಡುವೆ 'ಕನ್ನಡ ರಾಜ್ಯೋತ್ಸವ' ಎಂದು ಟೈಪ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಲೇಸರ್ ಅಂಗಡಿಗೆ ಕೊಟ್ಟಳು. ಸಂಜೆ ಮಾಲು ಕೈಗೆ ಬಂದಾಗ 50ರಲ್ಲಿ 50ರ ಮೇಲೂ 'ಕನ್‌ನಡ ರಾಜ್‌ಯೋತ್‌ಸವ' ಎಂದಿತ್ತು! ಅಂಗಡಿಯ ಕಂಪ್ಯೂಟರಿನ ಹಳೆಯ ಸಾಫ್ಟ್‌ವೇರಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ, ಯಂತ್ರ ನಡೆಸುವ ಹುಡುಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ಫೈಲಲ್ಲಿ ಇದ್ದದ್ದೇ ಬಂದಿದೆ, ನಾನೇನು ಮಾಡ್ಲಿ" ಎಂದು ಅಂಗಡಿಯವರು ಕೈತೊಳೆದುಕೊಂಡರು. ಹಲಗೆ, ಯಂತ್ರದ ಬಾಡಿಗೆ ಸೇರಿ 1,300 ರೂಪಾಯಿ ಸಂಘದ ಉಳಿತಾಯದಿಂದ ಹೋಯಿತು. ಆ ವಾರದ ಸಭೆಯಲ್ಲಿ ಆ ಹುಡುಗಿಯ ತಾಯಿ ತಲೆ ಎತ್ತಿ ಕೂರಲಿಲ್ಲ.

ತಪ್ಪು ಆ ಹುಡುಗಿಯದ್ದಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹೇಳಿಕೊಡಬೇಕಾದ ನಮಗೂ ಆಗ ಗೊತ್ತಿರಲಿಲ್ಲ. ನಂತರ ನಾವು ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. "ಸಿಸ್ಟರ್, ಕಂಪ್ಯೂಟರ್ ಅಂದ್ರೆ ನಮ್ಮಂಥವರಿಗೆ ಆಗುತ್ತಾ?" ಎನ್ನುವವರು ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿರಿ. ಬ್ಲೌಸ್ ಕತ್ತರಿಸುವ ಮೊದಲು ಅಳತೆ ಹಾಕಿ ಗುರುತು ಮಾಡುವವರಿಗೆ ಇದು ಹೊಸದೇನಲ್ಲ.

ಈ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಗಾಲದ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಎಂಬ ವಿಜ್ಞಾನಿ. ಕಣ್ಣಿಗೆ ಕಾಣದ ಕಿರಣವೊಂದು ಹಲಗೆಯನ್ನು ಸುಟ್ಟುಕೊಂಡು ಸಾಗುತ್ತದೆ. ಜೋರಾಗಿ, ನಿಧಾನವಾಗಿ ಸುಟ್ಟರೆ ಹಲಗೆ ತುಂಡಾಗುತ್ತದೆ, ಅದು ಕಟಿಂಗ್. ಹಗುರವಾಗಿ, ವೇಗವಾಗಿ ಸುಟ್ಟರೆ ಮೇಲ್ಮೈಯಲ್ಲಿ ಗುರುತು ಮೂಡುತ್ತದೆ, ಅದು ಕೆತ್ತನೆ. ಯಾವುದನ್ನು ಕತ್ತರಿಸಬೇಕು, ಯಾವುದನ್ನು ಕೆತ್ತಬೇಕು ಎಂದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಅದನ್ನು ಹೇಳುವುದೇ ಫೈಲಿನ ಕೆಲಸ.

ಮೊಬೈಲಿನಲ್ಲಿ ತೆಗೆದ ಫೋಟೋವನ್ನು ದೊಡ್ಡದು ಮಾಡುತ್ತಾ ಹೋದರೆ ಚೌಕ ಚೌಕ ಚುಕ್ಕಿಗಳು ಕಾಣುತ್ತವೆ, ಅಲ್ಲವೇ? ಅಂಥ ಚುಕ್ಕಿಚಿತ್ರದಿಂದ ಕೆತ್ತನೆ ಮಾಡಬಹುದು, ಕತ್ತರಿಸಲು ಆಗುವುದಿಲ್ಲ. ಕತ್ತರಿಸಲು ಯಂತ್ರಕ್ಕೆ ದಾರಿ ಬೇಕು. 'ಇಲ್ಲಿಂದ ಹೊರಟು, ಇಲ್ಲಿ ಬಾಗಿ, ಇಲ್ಲಿಗೆ ಸೇರು' ಎನ್ನುವ ಗೆರೆಗಳ ಚಿತ್ರ. ಇದನ್ನು ವೆಕ್ಟರ್ ಎನ್ನುತ್ತಾರೆ. ನಮ್ಮ ಊರಿನ ಅಂಗಡಿಗಳಲ್ಲಿ ಹೆಚ್ಚಾಗಿ ಕೋರಲ್‌ಡ್ರಾ ಬಳಸುತ್ತಾರೆ, ಅದಕ್ಕೆ ಹಣ ಕೊಡಬೇಕು. ನಾವು ಕಲಿತದ್ದು ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ. ಕನ್ನಡದ ಯೂನಿಕೋಡ್ ಅಕ್ಷರಗಳು ಅದರಲ್ಲಿ ಸರಿಯಾಗಿ ಮೂಡುತ್ತವೆ.

ಇಂಕ್‌ಸ್ಕೇಪ್ ತೆರೆದ ಕೂಡಲೇ 'ಡಾಕ್ಯುಮೆಂಟ್ ಪ್ರಾಪರ್ಟೀಸ್'ನಲ್ಲಿ ಅಳತೆಯನ್ನು ಮಿಲಿಮೀಟರ್ ಮಾಡಿ, ಹಾಳೆಯ ಗಾತ್ರವನ್ನು ನಿಮ್ಮ ಹಲಗೆಯ ಗಾತ್ರಕ್ಕೆ ಇಡಿ. ಅರ್ಧ ಅಳತೆ ಇಂಚಿನಲ್ಲಿ, ಅರ್ಧ ಮಿಲಿಮೀಟರಿನಲ್ಲಿ ಬೇಡವೇ ಬೇಡ. ಹಳೆಯ ಇಂಕ್‌ಸ್ಕೇಪ್ ಒಂದು ಇಂಚಿಗೆ 90 ಚುಕ್ಕಿ ಲೆಕ್ಕ ಹಿಡಿಯುತ್ತಿತ್ತು, 2017ರಲ್ಲಿ ಬಂದ 0.92ರಿಂದ ಅದು 96 ಆಯಿತು. ಆದ್ದರಿಂದ ಹಳೆಯ ಫೈಲ್ ತೆರೆದಾಗ ಚಿತ್ರ ಸ್ವಲ್ಪ ಕುಗ್ಗಿರಬಹುದು. ಅಂಗಡಿಯ ಕಂಪ್ಯೂಟರಿನಲ್ಲೂ ಒಂದು ಗೆರೆಯ ಅಳತೆ ತೋರಿಸಿ ಎಂದು ಕೇಳಿ ನೋಡಿಕೊಳ್ಳಿ.

ಈಗ ಬಣ್ಣದ ವಿಷಯ. ಬಹಳಷ್ಟು ಕಡೆ ಕೆಂಪು ಗೆರೆ ಎಂದರೆ ಕತ್ತರಿಸು, ಕಪ್ಪು ತುಂಬಿದ ಭಾಗ ಎಂದರೆ ಕೆತ್ತು ಎಂಬ ಪದ್ಧತಿಯಿದೆ. ಕೆಲವು ಅಂಗಡಿಯವರು ಬೇರೆ ಬಣ್ಣ ಹೇಳಬಹುದು, ಮೊದಲೇ ಕೇಳಿಕೊಳ್ಳಿ. ಕೆಂಪು ಎಂದರೆ ಅಚ್ಚ ಕೆಂಪು, ಅಂದರೆ ಬಣ್ಣದ ಪಟ್ಟಿಯಲ್ಲಿ 255, 0, 0. ಕುಂಕುಮದ ಕೆಂಪು, ದಾಸವಾಳದ ಕೆಂಪು ನಮ್ಮ ಕಣ್ಣಿಗೆ ಒಂದೇ ಇರಬಹುದು, ಯಂತ್ರಕ್ಕೆ ಬೇರೆ ಬೇರೆ. ಕತ್ತರಿಸುವ ಆಕಾರದ ಒಳಗೆ ಬಣ್ಣ ತುಂಬಿರಬಾರದು, ಗೆರೆ ಮಾತ್ರ ಇರಬೇಕು, ಅದೂ ಕೂದಲೆಳೆಯಂತೆ ತೆಳ್ಳಗೆ. ಗೆರೆ ದಪ್ಪವಿದ್ದರೆ ಕೆಲವು ಯಂತ್ರಗಳು ಅದನ್ನು ಕತ್ತರಿಸುವ ಬದಲು ಕೆತ್ತಿಬಿಡುತ್ತವೆ.

ಇನ್ನು ಅಕ್ಷರ. ನಮಗೆ ಏಟು ಬಿದ್ದದ್ದೇ ಇಲ್ಲಿ. ಟೈಪ್ ಮಾಡಿದ ಅಕ್ಷರವನ್ನು ಹಾಗೆಯೇ ಕಳುಹಿಸಬೇಡಿ. ಅಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಥವಾ ಸಾಫ್ಟ್‌ವೇರ್ ಹಳೆಯದಾದರೆ ಅಕ್ಷರ ಕೆಡುತ್ತದೆ. ಅಕ್ಷರವನ್ನು ಆರಿಸಿ, 'ಪಾತ್' ಪಟ್ಟಿಯಲ್ಲಿ 'ಆಬ್ಜೆಕ್ಟ್ ಟು ಪಾತ್' ಒತ್ತಿರಿ. ಆಗ ಅದು ಅಕ್ಷರವಾಗಿ ಉಳಿಯದೆ ಚಿತ್ರವಾಗುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಬದಲಾಗುವುದಿಲ್ಲ. ಆದರೆ ಆಮೇಲೆ ಕಾಗುಣಿತ ತಿದ್ದಲು ಆಗದು. ಆದ್ದರಿಂದ ಮೊದಲು ಇನ್ನೊಬ್ಬರಿಂದ ಓದಿಸಿ, ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, ಅನಂತರ ಪಾತ್ ಮಾಡಿ.

ಬಾಗಿಲಿಗೆ ಹಾಕುವ ಹೆಸರಿನಂತೆ ಅಕ್ಷರವನ್ನೇ ಕತ್ತರಿಸಿ ತೆಗೆಯುವುದಾದರೆ ಇನ್ನೂ ಎರಡು ಮಾತು. ಕನ್ನಡದಲ್ಲಿ ಒತ್ತಕ್ಷರ, ಸೊನ್ನೆ ಅನೇಕ ಕಡೆ ಮೂಲ ಅಕ್ಷರಕ್ಕೆ ತಾಗಿರುವುದಿಲ್ಲ. ಕತ್ತರಿಸಿದರೆ ಬಿಡಿ ತುಂಡಾಗಿ ಉದುರುತ್ತವೆ. ಅವನ್ನು ಸ್ವಲ್ಪ ಸರಿಸಿ ತಾಗಿಸಿ, ಅಥವಾ ಕೆಳಗೆ ಒಂದು ಪಟ್ಟಿ ಕೊಟ್ಟು ಎಲ್ಲವನ್ನೂ ಅದಕ್ಕೆ ಸೇರಿಸಿ, ಗುಂಪು ಬಿಡಿಸಿ 'ಯೂನಿಯನ್' ಒತ್ತಿರಿ. ಯೂನಿಯನ್ ಮಾಡದಿದ್ದರೆ ಒಂದರ ಮೇಲೊಂದು ಬಿದ್ದ ಗೆರೆಗಳೂ ಕತ್ತರಿಸಿ, ಅಕ್ಷರದ ಮಧ್ಯೆಯೇ ಸೀಳು ಬೀಳುತ್ತದೆ. ರಂಗೋಲಿ ಅಚ್ಚಿನ ಹಾಗೆ ಹಲಗೆಯಲ್ಲಿ ಅಕ್ಷರದ ತೂತು ತೆಗೆಯುವುದಾದರೆ ತೊಂದರೆ ತಿರುಗುಮುರುಗು. 'ರ'ದ ಹೊಟ್ಟೆ, ಸೊನ್ನೆಯ ನಡುಭಾಗ ಕೆಳಗೆ ಬಿದ್ದುಹೋಗುತ್ತವೆ. ಅವುಗಳನ್ನು ಹಿಡಿದಿಡಲು 2 ಮಿಲಿಮೀಟರಿನಷ್ಟು ಅಗಲದ ಸಣ್ಣ ಸೇತುವೆ ಬಿಡಬೇಕು.

ನಿಮ್ಮ ಕೈಯ ರಂಗೋಲಿ, ಮೆಹಂದಿ, ಕಸೂತಿ ವಿನ್ಯಾಸಗಳನ್ನೂ ಬಳಸಬಹುದು. ನಿಜ ಹೇಳಬೇಕೆಂದರೆ ಅಂತರ್ಜಾಲದಿಂದ ಇಳಿಸಿದ ಕಾರ್ಟೂನಿಗಿಂತ ಇವೇ ಚೆನ್ನ, ಬೇರೆಯವರ ಕಾರ್ಟೂನು ಮಾರಿದರೆ ಕಾನೂನಿನ ತೊಡಕೂ ಇದೆ. ಬಿಳಿ ಹಾಳೆಯಲ್ಲಿ ದಪ್ಪ ಕಪ್ಪು ಪೆನ್ನಿನಿಂದ ಬರೆದು, ನೆರಳು ಬೀಳದಂತೆ ಫೋಟೋ ತೆಗೆದು, 'ಟ್ರೇಸ್ ಬಿಟ್‌ಮ್ಯಾಪ್' ಒತ್ತಿದರೆ ಗೆರೆಚಿತ್ರವಾಗುತ್ತದೆ. ಒಂದು ಎಚ್ಚರಿಕೆ: ಪೆನ್ನಿನ ಒಂದು ಗೆರೆಗೆ ಈ ಸಾಫ್ಟ್‌ವೇರ್ ಎರಡೂ ಬದಿಯ ಅಂಚು ಹಿಡಿಯುತ್ತದೆ. ಕೆತ್ತನೆಗೆ ಅಡ್ಡಿಯಿಲ್ಲ. ಕತ್ತರಿಸಲು ಕೊಟ್ಟರೆ ಗೆರೆಯ ಎರಡೂ ಪಕ್ಕ ಕತ್ತರಿಸಿ ದಾರದಂಥ ತುಂಡು ಬರುತ್ತದೆ. ಹಾಗೆಯೇ ಕಾಪಿ ಮಾಡುವಾಗ ಒಂದೇ ಗೆರೆಯ ಮೇಲೆ ಇನ್ನೊಂದು ಕೂತಿದ್ದರೆ ಯಂತ್ರ ಅದೇ ದಾರಿಯಲ್ಲಿ ಎರಡು ಸಲ ಹೋಗುತ್ತದೆ. ಅಂಚು ಕರಿಯಾಗುತ್ತದೆ, ನಿಮಿಷದ ಲೆಕ್ಕದ ಬಾಡಿಗೆಯೂ ಏರುತ್ತದೆ. 'ಔಟ್‌ಲೈನ್' ನೋಟಕ್ಕೆ ಬದಲಿಸಿ, ಅನುಮಾನವಿದ್ದ ಗೆರೆಯನ್ನು ಎಳೆದು ನೋಡಿ, ಕೆಳಗೆ ಇನ್ನೊಂದಿದ್ದರೆ ಅಳಿಸಿಬಿಡಿ.

ಹಲಗೆ ಉಳಿಸುವ ಲೆಕ್ಕ ನಿಮಗೆ ನಾವು ಹೇಳಬೇಕಿಲ್ಲ, ಆದರೂ ಒಂದು ಉದಾಹರಣೆ ನೋಡಿ. 300ಕ್ಕೆ 300 ಮಿಲಿಮೀಟರ್ ಹಲಗೆ, ಸುತ್ತ 5 ಮಿಲಿಮೀಟರ್ ಅಂಚು ಬಿಟ್ಟರೆ 290 ಉಳಿಯಿತು. ಕೀಚೈನ್ 60ಕ್ಕೆ 25 ಇದ್ದು, ನಡುವೆ 2 ಮಿಲಿಮೀಟರ್ ಜಾಗ ಬಿಟ್ಟರೆ ಅಡ್ಡಕ್ಕೆ 4, ಉದ್ದಕ್ಕೆ 10, ಒಟ್ಟು 40 ಬರುತ್ತವೆ. ಅದೇ ಕೀಚೈನನ್ನು 56ಕ್ಕೆ ಇಳಿಸಿದರೆ ಅಡ್ಡಕ್ಕೆ 5 ಕೂರುತ್ತವೆ, ಒಟ್ಟು 50! ನಾಲ್ಕು ಮಿಲಿಮೀಟರ್ ಕಮ್ಮಿಯಾದದ್ದು ಕೊಳ್ಳುವವರ ಗಮನಕ್ಕೂ ಬರುವುದಿಲ್ಲ. ಬಳೆ ಹಾಕುವ ತೂತು ಅಂಚಿಗೆ ತೀರಾ ಹತ್ತಿರ ಬೇಡ, ಕನಿಷ್ಠ 3 ಮಿಲಿಮೀಟರ್ ಮರ ಉಳಿಯಲಿ.

ಮೊಬೈಲ್ ಸ್ಟ್ಯಾಂಡ್, ಪೆಟ್ಟಿಗೆ ಮುಂತಾದ ಜೋಡಿಸುವ ಸಾಮಾನಾದರೆ ಕಿರಣವೂ ಸ್ವಲ್ಪ ಮರ ತಿನ್ನುತ್ತದೆ, ಸುಮಾರು 0.1ರಿಂದ 0.2 ಮಿಲಿಮೀಟರ್. 3 ಮಿಲಿಮೀಟರ್ ಎಂದು ಮಾರುವ ಪ್ಲೈವುಡ್ ಕೂಡ ಸರಿಯಾಗಿ 3 ಇರುವುದಿಲ್ಲ. 2.8, 2.9, 3.0 ಹೀಗೆ ನಾಲ್ಕೈದು ಸಂದುಗಳನ್ನು ಒಂದು ಚೂರಿನಲ್ಲಿ ಕತ್ತರಿಸಿ, ಯಾವುದು ಬಿಗಿಯಾಗಿ ಕೂರುತ್ತದೋ ಆ ಅಳತೆಯನ್ನು ಫೈಲಿನಲ್ಲಿ ಇಡಿ.

ಎಂಡಿಎಫ್, ಪ್ಲೈವುಡ್, ಅಕ್ರಿಲಿಕ್ ಕೊಡಬಹುದು. ಪಿವಿಸಿ ಫೋಮ್ ಶೀಟ್, ರೆಕ್ಸಿನ್ ಅಗ್ಗವೆಂದು ತೆಗೆದುಕೊಂಡು ಹೋಗಬೇಡಿ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಗಾಳಿ ಬರುತ್ತದೆ, ಎದೆಗೂ ಕೆಟ್ಟದ್ದು, ಯಂತ್ರವೂ ತುಕ್ಕು ಹಿಡಿಯುತ್ತದೆ.

ಫೈಲನ್ನು ಎಸ್‌ವಿಜಿ, ಪಿಡಿಎಫ್, ಡಿಎಕ್ಸ್‌ಎಫ್ ಇವುಗಳಲ್ಲಿ ಅಂಗಡಿಯವರು ಕೇಳಿದ ರೂಪದಲ್ಲಿ ಕೊಡಿ. ಮೊದಲು ಕೆತ್ತನೆ, ಆಮೇಲೆ ಒಳಗಿನ ತೂತು, ಕೊನೆಗೆ ಹೊರ ಅಂಚು ಎಂದು ಹೇಳಿ. ಹೊರ ಅಂಚು ಮೊದಲೇ ಕತ್ತರಿಸಿದರೆ ತುಂಡು ಅಲುಗಾಡಿ ತೂತು ವಾರೆಯಾಗುತ್ತದೆ.

ಮುಂದಿನ ವರ್ಷ ಅದೇ ಶಾಲೆ ಮತ್ತೆ ಆರ್ಡರ್ ಕೊಟ್ಟಿತು. ಆ ಹುಡುಗಿಯೇ ಫೈಲ್ ಮಾಡಿದಳು. ಈ ಸಲ ತಾಯಿಯೂ ಅಂಗಡಿಗೆ ಹೋಗಿ, "ಮೊದಲು ಒಂದೇ ಒಂದು ಕತ್ತರಿಸಪ್ಪ, ಉಳಿದದ್ದು ಆಮೇಲೆ" ಎಂದು ನಿಲ್ಲಿಸಿ, ಬಿಸಿಯಾಗಿದ್ದ ಆ ತುಂಡನ್ನು ಸೆರಗಿನಲ್ಲಿ ಒರೆಸಿ, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ, ಉಳಿದ 49ಕ್ಕೆ ಒಪ್ಪಿಗೆ ಕೊಟ್ಟರು.